ಭೇಟಿಯ ಹೊತ್ತಿನಲ್ಲಿ

ಗ್ರಿಮ್ಸ್‌ಬಿಯ ಬಂದರು ರಸ್ತೆ, ಶುಕ್ರವಾರ, ಹನ್ನೊಂದೂವರೆ.
ಕೆಳಗೆ ಮೀನು ಕರಿಯುವ ಅಂಗಡಿ,
ಮೇಲೆ ಎರಡು ಕೋಣೆಯ ಮನೆ.
ಬೆಲೆ ಕಟ್ಟಲು ಬಂದವನು ನಾನು.
ಮನೆ ನನ್ನದಲ್ಲ, ಸಾಲವಂತೂ ಅಲ್ಲವೇ ಅಲ್ಲ;
ಜೇಬಲ್ಲಿ ಗೋಡೆಯ ತೇವ ಅಳೆಯುವ ಯಂತ್ರ,
ಮುಖದ ನಡುವೆ ಬ್ಯಾಂಕು ನಂಬುವ ಮೂಗು.

ಮೊದಲಿನ ಎರಡು ಬ್ಯಾಂಕು ಮೆಟ್ಟಿಲೂ ಹತ್ತಲಿಲ್ಲವಂತೆ.
ಕೆಳಗೆ ಏನಿದೆ ಎಂದು ಫೋನಿನಲ್ಲೇ ಕೇಳಿ
ಎಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ
ಕ್ಷಮಿಸಿ ಎಂದು ಇಟ್ಟುಬಿಟ್ಟವಂತೆ.
ಹೂವಿನಂಗಡಿ ಇದ್ದಿದ್ದರೆ ಆಗುತ್ತಿತ್ತು.
ವಕೀಲರ ಕಚೇರಿಯಾದರೆ ಇನ್ನೂ ಒಳ್ಳೆಯದು;
ಅಲ್ಲಿ ಎಷ್ಟು ಹುರಿದರೂ ಹೊಗೆ ಏಳುವುದಿಲ್ಲ.

ಯೂನಿಸ್ ಟ್ರಾಂಟರ್ ಬಾಗಿಲು ತೆಗೆದಳು.
ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ರಾತ್ರಿ ಪಾಳಿ,
ವಯಸ್ಸು ಐವತ್ತೊಂದು, ಅರ್ಜಿಯಲ್ಲಿ ಹಾಗಿದೆ.
ಹತ್ತೊಂಬತ್ತು ವರ್ಷದಿಂದ ಇದೇ ಮನೆಯಲ್ಲಿ ಬಾಡಿಗೆಗೆ.
ಒಡೆಯ ಮಾರುತ್ತಾನಂತೆ, ಮೊದಲ ಹಕ್ಕು ನಿನಗೇ ಅಂದನಂತೆ,
ಈಸ್ಟರ್ ತನಕ ಮಾತ್ರ.
ಬಾಡಿಗೆ ನಾನೂರ ಎಪ್ಪತ್ತು, ಒಂದು ತಿಂಗಳೂ ತಪ್ಪಿಲ್ಲ.
ಸಾಲದ ಕಂತು ಮುನ್ನೂರ ತೊಂಬತ್ತು.
ಅಷ್ಟು ಕಟ್ಟಿದವಳು ಇಷ್ಟು ಕಟ್ಟಿಯಾಳೇ
ಎಂಬುದಕ್ಕೆ ಆರು ತಿಂಗಳ ಸಂಬಳದ ಚೀಟಿ ಕೇಳಿದ್ದಾರೆ.

ಕಿಟಕಿಗಳೆಲ್ಲ ತೆರೆದಿದ್ದವು, ಫೆಬ್ರವರಿಯಲ್ಲಿ.
ಮೇಜಿನ ಮೇಲೆ ಲ್ಯಾವೆಂಡರ್ ಮೇಣದಬತ್ತಿ,
ಬೆಲೆಯ ಚೀಟಿ ಇನ್ನೂ ತಳಕ್ಕೆ ಅಂಟಿಕೊಂಡೇ ಇತ್ತು.
ಅಳೆದೆ. ಮೂರು ಮೀಟರ್ ನಲವತ್ತು.
ಗೋಡೆ ಒಣಗಿದೆ. ಇಂಥ ಒಣ ಗೋಡೆ
ಈ ಕಡಲೂರಿನಲ್ಲಿ ನಾನು ಕಂಡದ್ದು ಕಡಿಮೆ.
‘ನೆಲ ಮುಟ್ಟಿ ನೋಡಿ,’ ಅಂದಳು.
ಬಗ್ಗಿ ಅಂಗೈ ಇಟ್ಟೆ. ತಣ್ಣಗಿತ್ತು.
‘ಅಯ್ಯೋ, ಇವತ್ತು...’ ಅಂದವಳು ನಾಲಿಗೆ ಕಚ್ಚಿಕೊಂಡಳು.

ಆಗ ಹೊಳೆಯಿತು.
ಬರುವಾಗ ಗಾಜಿನ ಮೇಲೆ ಕಂಡ ರಟ್ಟು:
ಇಂದು ಎರಡು ಗಂಟೆಗೆ ತೆರೆಯುತ್ತೇವೆ.
ಈ ಊರಲ್ಲಿ ಶುಕ್ರವಾರ ಮಧ್ಯಾಹ್ನ ಮೀನಂಗಡಿ ಮುಚ್ಚುವುದೆಂದರೆ
ಹಬ್ಬದ ದಿನ ಹೂವಾಡಿಗ ಮಲಗಿದಂತೆ.
ಕೆಳಗೆ ಲೆಫ್ಟೆರಿಸ್, ತಣ್ಣನೆಯ ಬಾಣಲೆಯ ಪಕ್ಕ
ಕೈ ಕಟ್ಟಿ ನಿಂತು, ಚಾವಣಿ ನೋಡುತ್ತ
ನನ್ನ ಬೂಟಿನ ಸದ್ದು ಎಣಿಸುತ್ತಿದ್ದಿರಬೇಕು.

ಪರದೆಯ ಹತ್ತಿರ ಹೋದೆ.
ಹತ್ತೊಂಬತ್ತು ವರ್ಷ ಮೇಣದಬತ್ತಿಗೆ ಬಗ್ಗುವುದಿಲ್ಲ.
ಪರದೆಯಲ್ಲಿತ್ತು, ಸೋಫಾದಲ್ಲಿತ್ತು,
ಚಹಾ ಕೊಡುವಾಗ ಅವಳ ತೋಳಿನಲ್ಲೂ ಸಣ್ಣಗೆ ಇತ್ತು.
‘ಬರುತ್ತಾ?’ ಅಂದಳು.
‘ನನಗೆ ಗೊತ್ತೇ ಆಗುವುದಿಲ್ಲ, ಯಾವಾಗಲೋ ಬಿಟ್ಟುಹೋಯಿತು.’

ನಮೂನೆಯಲ್ಲಿ ಒಂದು ಚೌಕವಿದೆ, ಬೆರಳಗಲ.
ಅದರಲ್ಲಿ ನಾನು ‘ಇದೆ’ ಎಂದರೆ ಮನೆಯ ಬೆಲೆ ಸೊನ್ನೆ.
ಐವತ್ತೆಂಟು ಸಾವಿರ ಅಲ್ಲ, ಐವತ್ತೂ ಅಲ್ಲ.
ಗೋಡೆ, ಚಾವಣಿ, ಕಿಟಕಿ, ಅವಳು, ಎಲ್ಲ ಇದ್ದೂ
ಸೊನ್ನೆ.

ಬರೆದೆ: ಅಂಗಡಿ ಮುಚ್ಚುವುದು ರಾತ್ರಿ ಹತ್ತಕ್ಕೆ.
ಬರೆದೆ: ಹೊಗೆಯ ಕೊಳವೆ ಮಲಗುವ ಕೋಣೆಯ ಕಿಟಕಿಯಿಂದ ಎರಡು ಮೀಟರ್.
ಸುಳ್ಳು ಬರೆದು ಅಭ್ಯಾಸವಿಲ್ಲ.
ಚೌಕದಲ್ಲಿ ಬರೆದೆ: ಭೇಟಿಯ ಹೊತ್ತಿನಲ್ಲಿ ಒಲೆ ಉರಿಯುತ್ತಿರಲಿಲ್ಲ.
ಮಿಕ್ಕದ್ದು ಓದುವವರ ಮೂಗಿಗೆ ಬಿಟ್ಟದ್ದು.

ಇಳಿದಾಗ ಲೆಫ್ಟೆರಿಸ್ ಒಲೆ ಹೊತ್ತಿಸಿದ್ದ.
ಬಾಗಿಲಾಚೆ ಸಾಲು ನಿಂತಿತ್ತು; ಸಾಲಕ್ಕಲ್ಲ, ಹ್ಯಾಡಕ್ ಮೀನಿಗೆ.
ಕಾಗದದಲ್ಲಿ ಬೆಚ್ಚಗೆ ಏನೋ ಸುತ್ತಿ ಚಾಚಿದ.
ತೆಗೆದುಕೊಳ್ಳುವ ಹಾಗಿಲ್ಲ, ಅಂದೆ, ನಿಯಮ.
‘ಮೀನಪ್ಪಾ, ಲಂಚ ಅಲ್ಲ,’ ಅಂದ.
ಎರಡರ ನಡುವೆ ಎಷ್ಟು ದೂರವೆಂದು
ಅಳೆಯುವ ಯಂತ್ರ ನನ್ನ ಬಳಿ ಇರಲಿಲ್ಲ.

ಆಮೇಲೆ ಏನಾಯಿತೋ, ನಮಗೆ ತಿಳಿಸುವ ಪದ್ಧತಿಯಿಲ್ಲ.
ಹೊಟ್ಟೆ ಕೇಳಬೇಕಲ್ಲ,
ಕ್ಲೀಥಾರ್ಪ್ಸ್‌ನಲ್ಲಿ ಕಾರು ನಿಲ್ಲಿಸಿ ದುಡ್ಡು ಕೊಟ್ಟು ತಿಂದೆ,
ನಿಂತುಕೊಂಡೇ, ಬೆರಳು ಸುಟ್ಟುಕೊಂಡು.
ತಲೆ ಎತ್ತಿದರೆ ಆ ಅಂಗಡಿಯ ಮೇಲೂ ಒಂದು ಕಿಟಕಿ,
ಯಾರೋ ಕಾಲುಚೀಲ ಒಣಹಾಕಿದ್ದರು.